ಪಾಠ ಹೇಳುವ ಪರದೆಗೂ ಕಣ್ಣುಂಟು!

ಸಂಜೆ ಏಳು ಗಂಟೆಯ ಸಮಯ. ಜಯನಗರದ ನಾಲ್ಕನೆಯ ಬ್ಲಾಕಿನ ಬೀದಿಗಳಲ್ಲಿ ಹೂವು ಹಣ್ಣುಗಳ ವ್ಯಾಪಾರ ಭರದಿಂದ ಸಾಗಿದೆ. ಅಲ್ಲಿಂದ ಕೂಗಳತೆಯ ದೂರದಲ್ಲಿ, ಮರಗಳ ನೆರಳಿನ ಅಡ್ಡರಸ್ತೆಯ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ಅಡುಗೆಯ ಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದೆ. ನಡುಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಟ್ಯಾಬನ್ನು ಮೇಜಿಗೆ ಒರಗಿಸಿಕೊಂಡು ಬೀಜಗಣಿತದ ಪಾಠ ಕೇಳುತ್ತಿದ್ದಾಳೆ. ಒಂದು ಕಡೆ ಮೇಷ್ಟರು ಹೇಳಿದ್ದು ತಿಳಿಯಲಿಲ್ಲ. ಬೆರಳಿನಿಂದ ಪಾಠವನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳುತ್ತಾಳೆ. ಆಗಲೂ ತಿಳಿಯಲಿಲ್ಲ, ಮೂರನೆಯ ಸಲ ಕೇಳುತ್ತಾಳೆ.

ಮಗಳು ತಡವರಿಸಿದ ಸಂಗತಿ ಅಡುಗೆಯ ಮನೆಯಲ್ಲಿರುವ ತಾಯಿಗೆ ತಿಳಿಯದು. ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತಿರುವ ಅಜ್ಜನಿಗೂ ತಿಳಿಯದು. ಆದರೆ ಎಲ್ಲಿಯೋ ದೂರದಲ್ಲಿರುವ ಯಂತ್ರವೊಂದಕ್ಕೆ ಅದು ಆಗಲೇ ತಿಳಿದುಹೋಗಿದೆ. ಹುಡುಗಿ ಯಾವ ನಿಮಿಷದಲ್ಲಿ ನಿಂತಳು, ಎಷ್ಟು ಸಲ ಹಿಂದಿರುಗಿದಳು, ಯಾವ ಪ್ರಶ್ನೆಗೆ ಎಷ್ಟು ಸೆಕೆಂಡು ಯೋಚಿಸಿ ತಪ್ಪು ಉತ್ತರವನ್ನು ಒತ್ತಿದಳು, ಇವೆಲ್ಲವೂ ಅಲ್ಲಿ ದಾಖಲಾಗಿವೆ. ಗೋಡೆಗೂ ಕಿವಿಯುಂಟೆಂದು ಹಿರಿಯರು ಎಚ್ಚರಿಸುತ್ತಿದ್ದರು. ಪಾಠ ಹೇಳುವ ಪರದೆಗೆ ಕಣ್ಣೂ ಉಂಟೆಂಬುದನ್ನು ಈಗ ನಾವು ಅರಿಯಬೇಕಾಗಿದೆ.

ಮೇಷ್ಟರ ಕಣ್ಣು, ವರ್ತಕನ ಕಣ್ಣು

ವಿದ್ಯಾರ್ಥಿಯನ್ನು ಗಮನಿಸುವುದೇ ತಪ್ಪೆಂದು ಯಾರೂ ಹೇಳಲಾರರು. ಒಳ್ಳೆಯ ಉಪಾಧ್ಯಾಯನ ಮೊದಲನೆಯ ಗುಣವೇ ಗಮನ. ಹಿಂದಿನ ಬೆಂಚಿನ ಹುಡುಗನ ಮುಖ ಕಂಡೊಡನೆ ಅವನಿಗೆ ಲೆಕ್ಕ ಅರ್ಥವಾಗಿಲ್ಲವೆಂದು ಮೇಷ್ಟರಿಗೆ ಗೊತ್ತಾಗುತ್ತಿತ್ತು. ಅವರು ಅಂಕಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕ ಶಾಲೆಯ ಬೀರುವಿನಲ್ಲಿ ಉಳಿಯುತ್ತಿತ್ತು. ಪೇಟೆಬೀದಿಯ ವರ್ತಕನು ಬಂದು ಆ ಪುಸ್ತಕವನ್ನು ತಿರುವಿ, “ಈ ಹುಡುಗನಿಗೆ ಗಣಿತ ಬಾರದು, ಇವನ ತಂದೆಗೆ ನನ್ನ ಸರಕನ್ನು ಮಾರಬಹುದು” ಎಂದು ಗುರುತು ಹಾಕಿಕೊಳ್ಳುತ್ತಿರಲಿಲ್ಲ.

ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಆನ್‌ಲೈನ್ ಪಾಠದಲ್ಲಿ ಮೇಷ್ಟರ ಕಣ್ಣೂ ವರ್ತಕನ ಕಣ್ಣೂ ಒಂದೇ ಗಾಜಿನ ಹಿಂದೆ ಕುಳಿತಿರಬಹುದು. ಹುಡುಗಿಯ ತಪ್ಪನ್ನು ಕಂಡು ಆಕೆಗೆ ಸುಲಭವಾದ ಇನ್ನೊಂದು ಉದಾಹರಣೆ ಕೊಡುವುದು ಮೇಷ್ಟರ ಕೆಲಸ. ಅದೇ ತಪ್ಪನ್ನು ಕಂಡು ಮರುದಿನ ತಾಯಿಗೆ ಫೋನು ಮಾಡಿ, ದುಬಾರಿ ಕೋರ್ಸಿಗೆ ಸೇರಿಸಿರೆಂದು ಒತ್ತಾಯಿಸುವುದು ವರ್ತಕನ ಕೆಲಸ. ದಾಖಲೆ ಒಂದೇ, ಉದ್ದೇಶ ಬೇರೆ.

2020ರಲ್ಲಿ ಕೊರೊನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯವು ಬೇರೊಂದು ಬಗೆಯ ದೂರಪಾಠವನ್ನೂ ಕಂಡಿತು. ಆ ವರ್ಷದ ಜುಲೈ ತಿಂಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ‘ಸಂವೇದ’ ಎಂಬ ಪಾಠಮಾಲೆ ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾಯಿತು. ಚಂದನದ ಪಾಠವನ್ನು ಯಾರು ನೋಡಿದರು, ಯಾರು ನಡುವೆ ಎದ್ದುಹೋದರು ಎಂಬುದು ಚಂದನಕ್ಕೆ ತಿಳಿಯುವಂತಿರಲಿಲ್ಲ. ಹಾಗಾಗಿ ಮಗುವಿನ ಗುಟ್ಟು ಮಗುವಿನಲ್ಲೇ ಉಳಿಯಿತು. ಆದರೆ ಅರ್ಥವಾಗದ ಮಗುವಿಗೆ ಮತ್ತೊಮ್ಮೆ ಹೇಳುವ ದಾರಿಯೂ ಅದಕ್ಕಿರಲಿಲ್ಲ. ನೋಡದ ಪರದೆಯ ಲಾಭವೂ ನಷ್ಟವೂ ಇಷ್ಟೇ.

ಚೀಟಿ, ಚುಕ್ಕೆ, ಸಂಖ್ಯೆ

ಈ ನೋಟ ನಡೆಯುವ ಬಗೆ ಹೇಗೆ? ಮೊದಲನೆಯದು ‘ಕುಕಿ’ ಎಂಬ ಚೀಟಿ. ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಎಂಬ ತರುಣ 1994ರಲ್ಲಿ ಇದನ್ನು ರೂಪಿಸಿದ. ಜಾಲತಾಣಗಳಿಗೆ ಆಗ ನೆನಪೆಂಬುದೇ ಇರಲಿಲ್ಲ. ಒಂದು ಪುಟದಿಂದ ಮತ್ತೊಂದಕ್ಕೆ ಹೋದರೆ ಬಂದವರು ಯಾರೆಂಬುದು ಮರೆತುಹೋಗುತ್ತಿತ್ತು. ಅದಕ್ಕಾಗಿ ತಾಣವು ಬಂದವರ ಯಂತ್ರದಲ್ಲಿಯೇ ಒಂದು ಸಣ್ಣ ಬರಹವನ್ನು ಇರಿಸಿ ಕಳುಹಿಸುತ್ತದೆ. ಮರಳಿ ಬಂದಾಗ ಅದನ್ನು ಓದಿ ಗುರುತಿಸುತ್ತದೆ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯ ಹಾಗೆ. ಹುಡುಗಿ ಪಾಠವನ್ನು ನಿಲ್ಲಿಸಿದಲ್ಲಿಂದಲೇ ಮರುದಿನ ಮುಂದುವರಿಸಬಲ್ಲಳಾದರೆ ಅದಕ್ಕೆ ಇಂಥ ಏರ್ಪಾಡುಗಳೇ ಕಾರಣ. ಇದರಲ್ಲಿ ದೋಷವಿಲ್ಲ. ಆದರೆ ಒಂದೇ ಜಾಹೀರಾತು ಕಂಪನಿಯು ನೂರಾರು ತಾಣಗಳಲ್ಲಿ ತನ್ನ ಬಿಲ್ಲೆಯನ್ನು ಹಂಚಿದರೆ, ಬಿಲ್ಲೆ ಹಿಡಿದವರು ಎಲ್ಲೆಲ್ಲಿ ಹೋದರೆಂಬುದು ಆ ಕಂಪನಿಗೆ ತಿಳಿಯುತ್ತದೆ.

ಎರಡನೆಯದು ಕಣ್ಣಿಗೆ ಕಾಣದ ಚುಕ್ಕೆ. ಪುಟದ ಮೂಲೆಯಲ್ಲಿ ಒಂದೇ ಬಿಂದುವಿನ ಚಿತ್ರವನ್ನು ಅಡಗಿಸಿರುತ್ತಾರೆ. ಪುಟ ತೆರೆದೊಡನೆ ಆ ಚಿತ್ರವನ್ನು ತರಲು ಮನೆಯ ಯಂತ್ರವು ಬೇರೊಂದು ಕಂಪನಿಯ ಯಂತ್ರವನ್ನು ಕೇಳುತ್ತದೆ. ಕೇಳಿದ್ದೇ ಸುದ್ದಿ: ಇಂಥವರು, ಇಷ್ಟು ಹೊತ್ತಿಗೆ, ಈ ಪುಟ ನೋಡಿದರು!

ಮೂರನೆಯದು ಸಂಖ್ಯೆ. ಸ್ಮಾರ್ಟ್‌ಫೋನುಗಳಲ್ಲಿ ಸಾಮಾನ್ಯವಾಗಿ ಜಾಹೀರಾತಿಗೆಂದೇ ಒಂದು ಗುರುತಿನ ಸಂಖ್ಯೆಯಿರುತ್ತದೆ. ಪಾಠದ ಆ್ಯಪನ್ನು ಕಟ್ಟುವವರು ಎಲ್ಲ ಭಾಗಗಳನ್ನೂ ತಾವೇ ಮಾಡುವುದಿಲ್ಲ. ಬೇರೆ ಕಂಪನಿಗಳ ಸಿದ್ಧ ಬಿಡಿಭಾಗಗಳನ್ನು ತಂದು ಜೋಡಿಸುತ್ತಾರೆ. ಆ ಬಿಡಿಭಾಗಗಳು ಈ ಸಂಖ್ಯೆಯನ್ನು ತಮ್ಮ ತವರಿಗೆ ವರದಿ ಮಾಡಬಲ್ಲವು. ಪಾಠ ಕೇಳಿದ ಫೋನು, ಆಟವಾಡಿದ ಫೋನು, ಬಟ್ಟೆ ಕೊಂಡ ಫೋನು ಒಂದೇ ಎಂಬುದು ಹೀಗೆ ಬಯಲಾಗುತ್ತದೆ. ಸ್ಥಳ, ಕ್ಯಾಮೆರಾ, ಪರಿಚಿತರ ಪಟ್ಟಿ ಇವುಗಳಿಗೂ ಅನುಮತಿ ಕೊಟ್ಟಿದ್ದರಂತೂ ಹೇಳುವುದೇ ಬೇಡ.

ನಮ್ಮ ಊರಿನವೇ ನಿದರ್ಶನಗಳು

ಇದು ದೂರದ ದೇಶದ ಕಥೆಯೆಂದು ಭಾವಿಸಬೇಕಾಗಿಲ್ಲ. ದೇಶದ ಆನ್‌ಲೈನ್ ಪಾಠದ ಉದ್ಯಮಕ್ಕೆ ಬೆಂಗಳೂರೇ ತವರು.

ಬನ್ನೇರುಘಟ್ಟ ರಸ್ತೆಯಲ್ಲಿ, ಬಿ.ಟಿ.ಎಂ. ಬಡಾವಣೆಗೆ ಅನತಿದೂರದಲ್ಲಿ ಕಛೇರಿಯನ್ನು ಹೊಂದಿದ್ದ ಬೈಜೂಸ್ ಕಂಪನಿಯ ಹೆಸರನ್ನು ಕೇಳದವರಿಲ್ಲ. ಈ ಕಂಪನಿಯು ಮಕ್ಕಳ ಮತ್ತು ಪೋಷಕರ ದೂರವಾಣಿ ಸಂಖ್ಯೆಗಳನ್ನು ಕೊಳ್ಳುತ್ತಿದೆಯೆಂದು 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಅಧ್ಯಕ್ಷರು ಬಹಿರಂಗವಾಗಿ ಆಪಾದಿಸಿದರು. ಕಂಪನಿಯು ಅದನ್ನು ಖಂಡಿತವಾಗಿ ಅಲ್ಲಗಳೆಯಿತು. ಯಾವ ಪಟ್ಟಿಯನ್ನೂ ಎಂದೂ ಕೊಂಡಿಲ್ಲವೆಂದು ಹೇಳಿತು. 2024ರ ಜುಲೈನಲ್ಲಿ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಯಾವ ಅಂಗಡಿಯ ವಿಷಯದಲ್ಲಾದರೂ ಆಗ ಒಂದು ಪ್ರಶ್ನೆ ಏಳುವುದು ಸಹಜ: ಬಾಗಿಲು ಮುಚ್ಚಿದರೆ ಲೆಕ್ಕದ ಪುಸ್ತಕ ಯಾರ ಕೈ ಸೇರುತ್ತದೆ? ಮಕ್ಕಳ ತಪ್ಪು ಒಪ್ಪುಗಳ ದಾಖಲೆಯೂ ಅಂಥದೊಂದು ಪುಸ್ತಕವೇ ಅಲ್ಲವೆ?

ಕಳವಿನ ಭಯ ಬೇರೆ. ಬೆಂಗಳೂರಿನ ಅನ್‌ಅಕಾಡೆಮಿಯ ಬಳಕೆದಾರರ ಮಾಹಿತಿ ಮಾರಾಟಕ್ಕಿದೆಯೆಂಬ ಸುದ್ದಿ 2020ರ ಮೇ ತಿಂಗಳಲ್ಲಿ ಹೊರಬಿತ್ತು. ಸುಮಾರು 2.2 ಕೋಟಿ ಖಾತೆಗಳೆಂದು ಅದನ್ನು ಕಂಡುಹಿಡಿದ ಸಂಸ್ಥೆ ಹೇಳಿದರೆ, ಸುಮಾರು 1.1 ಕೋಟಿ ಎಂದು ಕಂಪನಿ ಹೇಳಿತು. ಇದೇ ಊರಿನ ವೇದಾಂತು ಸಂಸ್ಥೆಯ ಸುಮಾರು 6.87 ಲಕ್ಷ ಬಳಕೆದಾರರ ಹೆಸರು, ದೂರವಾಣಿ ಮುಂತಾದ ವಿವರಗಳು 2019ರಲ್ಲಿ ಸೋರಿಹೋಗಿದ್ದವು.

ಖಾಸಗಿ ಕಂಪನಿಗಳ ಮಾತು ಹಾಗಿರಲಿ, ಸರಕಾರದ ಆಶ್ರಯದಲ್ಲಾದರೂ ನಿಶ್ಚಿಂತೆಯಿಂದ ಇರಬಹುದೆ? ಬನಶಂಕರಿ ಮೂರನೆಯ ಹಂತದ ನೂರಡಿ ರಸ್ತೆಯಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಕಟ್ಟಡವಿದೆ. ಪಠ್ಯಪುಸ್ತಕ ಸಂಘವೂ ಅಲ್ಲಿಯದೇ. ರಾಜ್ಯದ ಪಠ್ಯಪುಸ್ತಕಗಳಲ್ಲಿ ಅಚ್ಚಾದ ಕ್ಯೂ.ಆರ್. ಚೌಕಕ್ಕೆ ಫೋನು ಹಿಡಿದರೆ ತೆರೆದುಕೊಳ್ಳುವುದು ‘ದೀಕ್ಷಾ’. ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ಈ ವೇದಿಕೆಯ ತಾಂತ್ರಿಕ ಅಡಿಪಾಯ ‘ಸನ್‌ಬರ್ಡ್’ ರೂಪುಗೊಂಡದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ. ಲಕ್ಷಾಂತರ ಬಡ ಮಕ್ಕಳಿಗೆ ಇದರಿಂದ ಬಿಡಿಕಾಸಿಲ್ಲದೆ ಪಾಠ ದೊರೆತಿದೆ. ಆದರೆ 2022ರ ಮೇ ತಿಂಗಳಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 49 ದೇಶಗಳ 160ಕ್ಕೂ ಹೆಚ್ಚು ಕಲಿಕೆಯ ಸಾಧನಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದಾಗ, ಮಕ್ಕಳ ನಿಖರವಾದ ಸ್ಥಳವನ್ನು ಅರಿಯಬಲ್ಲವುಗಳ ಸಾಲಿನಲ್ಲಿ ದೀಕ್ಷಾ ಆ್ಯಪನ್ನೂ ಹೆಸರಿಸಿತು. ಪರೀಕ್ಷಿಸಿದವುಗಳಲ್ಲಿ ಶೇಕಡ 89ರಷ್ಟು ಸಾಧನಗಳ ನಡವಳಿಕೆ ಮಕ್ಕಳ ಹಕ್ಕುಗಳಿಗೆ ಅಪಾಯ ತರುವಂಥದೆಂದು ಆ ವರದಿ ಸಾರಿತು. 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ದೀಕ್ಷಾದ ಒಂದು ಸಂಗ್ರಹಾಗಾರಕ್ಕೆ ಬೀಗವನ್ನೇ ಹಾಕಿರಲಿಲ್ಲ! 10 ಲಕ್ಷಕ್ಕೂ ಹೆಚ್ಚು ಉಪಾಧ್ಯಾಯರ ಮತ್ತು ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರಗಳು ಬಯಲಿನಲ್ಲಿ ಬಿದ್ದಿದ್ದವು. ಇಲ್ಲಿ ದುರಾಸೆಯ ವರ್ತಕನಿರಲಿಲ್ಲ, ಇದ್ದುದು ಅಲಕ್ಷ್ಯ. ಮಗುವಿಗೆ ಆಗುವ ಕೆಡುಕು ಮಾತ್ರ ಎರಡರಿಂದಲೂ ಒಂದೇ.

ಹಿಟ್ಟು ಮತ್ತೆ ಕಾಳಾಗದು

ರಕ್ಷಣೆಯ ಉಪಾಯಗಳೇ ಇಲ್ಲವೆಂದಲ್ಲ. ಒಳ್ಳೆಯ ಸಂಸ್ಥೆಯು ಗುಪ್ತಪದವನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಗಣಿತದ ಗಿರಣಿಗೆ ಹಾಕಿ ಬೀಸಿ ಇಡುತ್ತದೆ. ರಾಗಿ ಹಿಟ್ಟಾದ ಮೇಲೆ ಮತ್ತೆ ಕಾಳಾಗದು. ಬಳಕೆದಾರನು ಪ್ರತಿ ಸಲ ಗುಪ್ತಪದ ಕೊಟ್ಟಾಗ ಅದನ್ನೂ ಬೀಸಿ, ಹಿಟ್ಟಿಗೆ ಹಿಟ್ಟನ್ನು ಹೋಲಿಸಿ ಒಳಗೆ ಬಿಡುತ್ತದೆ. ಮೇಲೆ ಹೇಳಿದ ಎರಡು ಕಂಪನಿಗಳ ಸೋರಿಕೆಯಲ್ಲಿಯೂ ಗುಪ್ತಪದಗಳು ಇಂಥ ಹಿಟ್ಟಿನ ರೂಪದಲ್ಲಿಯೇ ಇದ್ದವು. ಆದರೆ ತನ್ನ ಹೆಸರನ್ನೋ 123456 ಎಂಬುದನ್ನೋ ಗುಪ್ತಪದವಾಗಿ ಇಟ್ಟವರಿಗೆ ಈ ರಕ್ಷಣೆ ಸಾಲದು. ಕಳ್ಳನು ಅಂಥ ಸುಲಭ ಪದಗಳನ್ನೆಲ್ಲ ತಾನೇ ಬೀಸಿ ಹೋಲಿಸಿ ನೋಡಬಲ್ಲ.

ದಾರಿಯಲ್ಲಿ ಸಾಗುವಾಗ ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸುವುದು, ಮಗುವಿನ ಹೆಸರನ್ನೂ ಅಂಕಗಳನ್ನೂ ಬೇರೆ ಬೇರೆ ಇಡುವುದು, ಸಿಬ್ಬಂದಿಯಲ್ಲಿ ಬೇಕಾದವರಿಗೆ ಮಾತ್ರ ನೋಡಲು ಬಿಡುವುದು, ಕೆಲಸ ಮುಗಿದ ಮೇಲೆ ಅಳಿಸುವುದು, ಇವೂ ಇವೆ. ಎಲ್ಲಕ್ಕೂ ಮಿಗಿಲಾದುದು ಸಂಯಮ. ಕೂಡಿಡದ ಮಾಹಿತಿಯನ್ನು ಯಾವ ಕಳ್ಳನೂ ಕದಿಯಲಾರ.

ಹಿರಿಯರೊಬ್ಬರ ವ್ಯಾಜ್ಯ

ಈ ಸಂಯಮವನ್ನು ಕಂಪನಿಗಳ ಒಳ್ಳೆಯತನಕ್ಕೆ ಬಿಡದೆ ಕಾನೂನಿನ ಬಲಕ್ಕೆ ತಂದ ಕಥೆಯಲ್ಲಿ ಕನ್ನಡಿಗರೊಬ್ಬರ ಹೆಸರು ಉಳಿದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆ ವ್ಯಾಜ್ಯದಲ್ಲಿಯೇ, 2017ರ ಆಗಸ್ಟ್ 24ರಂದು, ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ ಬಂದುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಇದರ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ, ಪಿ.ಯು. ತರಗತಿಯಲ್ಲಿ ಓದುವ ಬಹುಮಂದಿಯೂ ಇದರಲ್ಲಿ ಸೇರುತ್ತಾರೆ. ಮಕ್ಕಳ ಮಾಹಿತಿಗೆ ತಂದೆತಾಯಿಗಳ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಿ ಪಡೆದದ್ದಾಗಿರಬೇಕು. ಮಕ್ಕಳನ್ನು ಹಿಂಬಾಲಿಸುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರುವುದನ್ನೂ ಕಾಯಿದೆಯ ಒಂಬತ್ತನೆಯ ವಿಧಿ ನಿಷೇಧಿಸುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿಗಳವರೆಗೂ ದಂಡ ವಿಧಿಸಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕಟ್ಟಲೆಗಳಿಗೆ ಹೊಂದಿಕೊಳ್ಳಲು ಆಗ 18 ತಿಂಗಳ ಅವಧಿಯನ್ನು ಕೊಡಲಾಯಿತು.

ಆದರೆ ನಿಯಮಗಳಲ್ಲಿ ಒಂದು ಕಿಂಡಿಯೂ ಇದೆ. ಶಿಕ್ಷಣ ಸಂಸ್ಥೆಗಳು ತಮ್ಮ ಶೈಕ್ಷಣಿಕ ಕಾರ್ಯಗಳಿಗಾಗಿ ಅಥವಾ ಮಕ್ಕಳ ಸುರಕ್ಷತೆಗಾಗಿ ಗಮನಿಸುವುದಕ್ಕೆ ವಿನಾಯಿತಿಯುಂಟು. ಇದು ಮೇಷ್ಟರ ಕಣ್ಣಿಗೆ ಕೊಟ್ಟ ಮರ್ಯಾದೆ, ಸರಿಯೇ. ಆದರೆ ಪಾಠ ಮಾರುವ ಕಂಪನಿಯು ‘ನಾನೂ ಶಿಕ್ಷಣ ಸಂಸ್ಥೆಯೇ’ ಎಂದು ಈ ಕಿಂಡಿಯಲ್ಲಿ ನುಸುಳಿದರೆ? ಯಾವುದು ಪಾಠ, ಯಾವುದು ವ್ಯಾಪಾರ ಎಂಬ ಗೆರೆಯನ್ನು ಅಧಿಕಾರಿಗಳು ಎಲ್ಲಿ ಎಳೆಯುತ್ತಾರೆಂಬುದರ ಮೇಲೆ ಇಡೀ ಕಾಯಿದೆಯ ಸತ್ವ ನಿಂತಿದೆ.

ಮನೆಯವರ ಪಾಲಿನ ಕೆಲಸ

ಕಾನೂನು ಎಷ್ಟೇ ಬಿಗಿಯಾಗಿರಲಿ, ‘ಒಪ್ಪಿದೆ’ ಎಂಬ ಗುಂಡಿಯನ್ನು ಒತ್ತುವುದು ಮನೆಯವರ ಬೆರಳು. ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲಿಯೂ ಓದುವ ಅವಕಾಶವಿರಬೇಕೆಂದು ಕಾಯಿದೆ ಹೇಳುತ್ತದೆ. ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಈ ಹಕ್ಕುಂಟು. ಅದನ್ನು ಕೇಳಿ ಪಡೆಯಬೇಕು. ಬೀಜಗಣಿತದ ಪಾಠಕ್ಕೆ ಮನೆಯ ಸ್ಥಳವೇಕೆ, ಪರಿಚಿತರ ಪಟ್ಟಿಯೇಕೆ? ಅಂಥ ಅನುಮತಿಗಳನ್ನು ನಿರಾಕರಿಸಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಜಾಹೀರಾತಿನ ಸಂಖ್ಯೆಯನ್ನು ಸೆಟ್ಟಿಂಗ್ಸಿಗೆ ಹೋಗಿ ಅಳಿಸಿಹಾಕಬಹುದು. ಒಂದೊಂದು ತಾಣಕ್ಕೂ ಬೇರೆ ಬೇರೆ ಗುಪ್ತಪದ ಇಡಬೇಕು. ಕೋರ್ಸು ಮುಗಿದ ಮೇಲೆ ಆ್ಯಪನ್ನು ಫೋನಿನಿಂದ ತೆಗೆದರೆ ಸಾಲದು; ಖಾತೆಯನ್ನೂ ಮಾಹಿತಿಯನ್ನೂ ಅಳಿಸಿರೆಂದು ಬರೆದು ಕೇಳಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂಬುದು ಕಾಯಿದೆಯ ಮಾತು.

ಜಯನಗರದ ಆ ಮನೆಯಲ್ಲಿ ಹುಡುಗಿ ಪಾಠವನ್ನು ನಾಲ್ಕನೆಯ ಸಲ ಕೇಳುತ್ತಿದ್ದಾಳೆ. ಕೇಳಲಿ. ತಿಳಿಯುವವರೆಗೂ ಕೇಳುವುದು, ತಪ್ಪು ಮಾಡುವುದು, ಅಳಿಸಿ ಮತ್ತೆ ಬರೆಯುವುದು, ಕಲಿಕೆಯೆಂದರೆ ಇದೇ ಅಲ್ಲವೆ? ಸ್ಲೇಟಿನ ಕಾಲದಲ್ಲಿ ಮಗುವಿನ ತಪ್ಪು ಒದ್ದೆ ಬಟ್ಟೆಯ ಒಂದು ಒರೆಸಿಗೆ ಮಾಯವಾಗುತ್ತಿತ್ತು. ಗಾಜಿನ ಹೊಸ ಸ್ಲೇಟಿನ ಮೇಲೂ ಮಗುವಿನ ತಪ್ಪು ಅಳಿಸಿಹೋಗುವಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.