ಬೇಸ್‌ಮೆಂಟ್‌ಗೆ ನೀರು ಬರುವ ನಾಲ್ಕು ದಾರಿಗಳು

ನ್ಯೂಜೆರ್ಸಿಯಲ್ಲಿ ಮನೆ ಹುಡುಕುವ ನಮ್ಮವರು ಬಾಗಿಲು ಪೂರ್ವಕ್ಕಿದೆಯೇ, ಶಾಲೆ ಹೇಗಿದೆ, ರೈಲು ನಿಲ್ದಾಣ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಬೇಸ್‌ಮೆಂಟ್ ಬಗ್ಗೆ ಮಾತ್ರ ಕೇಳುವುದು ಒಂದೇ ಪ್ರಶ್ನೆ: "ಫಿನಿಶ್ ಆಗಿದೆಯೇ?" ನಾನು ಸಿವಿಲ್ ಎಂಜಿನಿಯರ್ ಆಗಿರುವುದರಿಂದ ಗೆಳೆಯರು ಮನೆ ನೋಡಲು ನನ್ನನ್ನೂ ಕರೆದೊಯ್ಯುವುದುಂಟು. ಆಗ ನಾನು ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಇಲ್ಲಿಗೆ ನೀರು ಬಂದರೆ ಯಾವ ದಾರಿಯಿಂದ ಬರುತ್ತದೆ? ದಾರಿ ಬೇರೆಯಾದರೆ ಪರಿಹಾರವೂ ಬೇರೆ, ವಿಮೆಯೂ ಬೇರೆ.

ಕರ್ನಾಟಕದ ಸಾಮಾನ್ಯ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುವುದರಿಂದ ಅಡಿಪಾಯವನ್ನು ಆ ಆಳಕ್ಕಿಂತ ಕೆಳಗೆ ಇಳಿಸಬೇಕು. ಹೇಗೂ ಅಗೆಯಬೇಕಲ್ಲ ಎಂದು ಇನ್ನಷ್ಟು ಅಗೆದು ಕೋಣೆ ಮಾಡಿಕೊಳ್ಳುತ್ತಾರೆ. ಹೀಗಾಗಿ ಬೇಸ್‌ಮೆಂಟ್ ಎಂದರೆ ಮಣ್ಣಿನಲ್ಲಿ ಹೂತಿಟ್ಟ ಕಾಂಕ್ರೀಟ್ ತೊಟ್ಟಿ. ಸುತ್ತಲಿನ ಮಣ್ಣು ನೆನೆದಾಗ ನೀರು ಒಳಗೆ ಬರಲು ಸಂದು ಹುಡುಕುತ್ತದೆ.

ಮೊದಲ ದಾರಿ, ಸೂರಿನ ನೀರು. ಒಂದು ಸಾವಿರ ಚದರ ಅಡಿ ಸೂರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 620 ಗ್ಯಾಲನ್, ಅಂದರೆ 2,300 ಲೀಟರಿಗೂ ಹೆಚ್ಚು ನೀರು. ಗಟರ್ ಕಟ್ಟಿಕೊಂಡಿದ್ದರೆ ಅಥವಾ ಅದರ ಕೊಳವೆ ಗೋಡೆಯ ಬುಡದಲ್ಲೇ ಕೊನೆಯಾಗಿದ್ದರೆ ಅಷ್ಟೂ ನೀರು ಅಡಿಪಾಯದ ಪಕ್ಕದಲ್ಲಿ ಇಂಗುತ್ತದೆ. ಮನೆಯಿಂದ ಹೊರಕ್ಕೆ ಮೊದಲ ಹತ್ತು ಅಡಿಯಲ್ಲಿ ನೆಲ ಕನಿಷ್ಠ ಆರು ಅಂಗುಲ ಇಳಿದಿರಬೇಕು. ಇದು ಅಗ್ಗದಲ್ಲಿ ಸರಿಯಾಗುವ ತೊಂದರೆ. ಇದಕ್ಕಾಗಿ ಒಳ್ಳೆಯ ಮನೆಯನ್ನು ಬಿಡಬೇಕಿಲ್ಲ.

ಎರಡನೆಯದು ಅಂತರ್ಜಲ. ಮಳೆಗಾಲದಲ್ಲಿ ಅಥವಾ ಹಿಮ ಕರಗಿದಾಗ ಅಂತರ್ಜಲ ಮೇಲೇರಿ, ಗೋಡೆ ಮತ್ತು ನೆಲ ಸೇರುವ ಸಂದಿನಿಂದ ಒಳಗೆ ಜಿನುಗುತ್ತದೆ. ಗೋಡೆಯ ಮೇಲಿನ ಬಿಳಿ ಪುಡಿ ಇದರ ಗುರುತು. ನೀರು ಕಾಂಕ್ರೀಟ್ ಮೂಲಕ ಬಂದು ಆರಿದಾಗ ಉಳಿಯುವ ಲವಣ ಅದು. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ವಾಟರ್ ಹೀಟರ್ ಕಾಲಿಗೆ ತುಕ್ಕು ಹಿಡಿದಿದ್ದರೆ, ಕಾರ್ಪೆಟ್ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಕಾರಣ ಕೇಳಿ. ಸಂಪ್ ಪಂಪ್ ಇದ್ದರೆ ಗುಂಡಿಗೆ ಒಂದು ಬಕೆಟ್ ನೀರು ಸುರಿದು, ಅದು ತಾನಾಗಿ ಚಾಲೂ ಆಗುವುದನ್ನು ನೋಡಿ. ಬಿರುಮಳೆಯ ರಾತ್ರಿಯೇ ಕರೆಂಟ್ ಹೋಗುವುದರಿಂದ ಬ್ಯಾಟರಿಯಿಂದ ನಡೆಯುವ ಎರಡನೆಯ ಪಂಪ್ ಬೇಕು.

ಮೂರನೆಯದು ಚರಂಡಿ. ನ್ಯೂವರ್ಕ್, ಜೆರ್ಸಿ ಸಿಟಿ, ಹೊಬೊಕೆನ್‌ನಂಥ ಹಳೆಯ ಊರುಗಳ ಬಹುಭಾಗದಲ್ಲಿ ಮಳೆನೀರೂ ಮಲಿನ ನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಅದು ತುಂಬಿದಾಗ ಹೊಲಸು ನೀರು ಬೇಸ್‌ಮೆಂಟಿನ ಬಚ್ಚಲಿನಿಂದ ಉಕ್ಕುತ್ತದೆ. ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸಿದ್ದಾರೆಯೇ ಎಂದು ಪ್ಲಂಬರ್‌ನಿಂದ ಪರೀಕ್ಷಿಸಿ.

ನಾಲ್ಕನೆಯದು ನೆರೆ. ಫೆಡರಲ್ ಸಂಸ್ಥೆಯಾದ ಫೀಮಾದ ನೆರೆ ನಕ್ಷೆಯಲ್ಲಿ ವಿಳಾಸ ಹಾಕಿ ಯಾರಾದರೂ ಉಚಿತವಾಗಿ ನೋಡಬಹುದು. 'ಎ' ಅಥವಾ 'ವಿ'ಯಿಂದ ಆರಂಭವಾಗುವ ವಲಯವಾದರೆ ಪ್ರತಿ ವರ್ಷ ಕನಿಷ್ಠ ಶೇ. 1ರಷ್ಟು ಅಪಾಯ. ಕೇಳಲು ಕಡಿಮೆ ಎನಿಸಿದರೂ 30 ವರ್ಷದ ಸಾಲದ ಅವಧಿಗೆ ಲೆಕ್ಕ ಹಾಕಿದರೆ ಅದು ಶೇ. 26. 'ಎಕ್ಸ್' ವಲಯ ಎಂದೊಡನೆ ನಿಶ್ಚಿಂತೆಯಿಂದ ಇರುವಂತಿಲ್ಲ. ಈ ನಕ್ಷೆ ಮುಖ್ಯವಾಗಿ ನದಿ, ಹಳ್ಳ, ಸಮುದ್ರದ ನೀರನ್ನು ಲೆಕ್ಕ ಹಾಕುತ್ತದೆ. ಅಂತರ್ಜಲವನ್ನಾಗಲಿ ಚರಂಡಿಯನ್ನಾಗಲಿ ತೋರಿಸುವುದಿಲ್ಲ.

ಈಗ ವಿಮೆ. ಸಾಮಾನ್ಯ ಗೃಹವಿಮೆ ನೆರೆಹಾನಿಗೆ ಹಣ ಕೊಡುವುದಿಲ್ಲ. 1968ರಲ್ಲಿ ಆರಂಭವಾದ ರಾಷ್ಟ್ರೀಯ ನೆರೆವಿಮೆ ಯೋಜನೆ ಮನೆಗೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್‌ವರೆಗೆ ಕೊಡುತ್ತದೆ. ಆದರೆ ಬೇಸ್‌ಮೆಂಟಿನಲ್ಲಿ ಫರ್ನೆಸ್, ವಾಟರ್ ಹೀಟರ್, ವಿದ್ಯುತ್ ಪ್ಯಾನೆಲ್‌ಗಳಂಥ ಕೆಲವಕ್ಕೆ ಮಾತ್ರ ರಕ್ಷಣೆ. ಸೋಫಾ, ಟೀವಿ, ನೆಲಹಾಸು, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ, ದಸರಾ ಗೊಂಬೆಗಳಿಗೆ ಇಲ್ಲ. ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಮನೆಸಾಲದ ಜೊತೆಯಲ್ಲೇ ಕೊಂಡರೆ ಕಾಯಬೇಕಿಲ್ಲ. ಚರಂಡಿ ಉಕ್ಕುವುದಕ್ಕೂ ಸಂಪ್ ಪಂಪ್ ಕೈಕೊಡುವುದಕ್ಕೂ ಗೃಹವಿಮೆಗೆ ಪ್ರತ್ಯೇಕ ಸೇರ್ಪಡೆ ಬೇಕು. ಮೆಲ್ಲಗೆ ಜಿನುಗುವ ಅಂತರ್ಜಲಕ್ಕೆ ಸಾಮಾನ್ಯವಾಗಿ ಯಾವ ವಿಮೆಯೂ ಇಲ್ಲ, ಖರ್ಚೆಲ್ಲ ನಮ್ಮದೇ.

ಕಾನೂನಿನ ನೆರವೂ ಈಗ ಇದೆ. ನ್ಯೂಜೆರ್ಸಿ 2023ರಲ್ಲಿ ಮಾಡಿದ ಕಾಯ್ದೆಯಂತೆ, 2024ರ ಮಾರ್ಚ್ 20ರಿಂದ ಮನೆ ಮಾರುವವರು ತಮಗೆ ಗೊತ್ತಿರುವ ನೆರೆಯ ಇತಿಹಾಸವನ್ನೂ ಅಪಾಯವನ್ನೂ ಲಿಖಿತವಾಗಿ ತಿಳಿಸಬೇಕು. ಆ ನಮೂನೆಯನ್ನು ವಕೀಲರಿಗೆ ಬಿಟ್ಟುಬಿಡದೆ ನೀವೇ ಓದಿ. ಇನ್‌ಸ್ಪೆಕ್ಷನ್ ಅವಧಿ ಮುಗಿಯುವ ಮೊದಲು ಮಳೆ ಬಂದರೆ ಆ ದಿನವೇ ಇನ್ನೊಮ್ಮೆ ಹೋಗಿ ನೋಡಿ. ಪಕ್ಕದ ಮನೆಯವರನ್ನು "ಐಡಾ ಬಂದಾಗ ಈ ಬೀದಿಯಲ್ಲಿ ಏನಾಯಿತು?" ಎಂದು ಕೇಳಿ.

ಐಡಾ ಹೆಸರು ಹೇಳಲು ಕಾರಣವಿದೆ. 2021ರ ಸೆಪ್ಟೆಂಬರ್ 1ರ ರಾತ್ರಿ ಆ ಚಂಡಮಾರುತದ ಉಳಿಕೆ ಮಳೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಅಂಗುಲ ಸುರಿಯಿತು. ಆ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ಬೇಸ್‌ಮೆಂಟ್ ವಾಸದಲ್ಲಿದ್ದವರು. ನೀರು ಹೊರಗೆ ಏರಿದರೆ ಅದರ ಒತ್ತಡಕ್ಕೆ ಬಾಗಿಲು ತೆರೆಯುವುದೇ ಕಷ್ಟ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ನಾವು ಹಾಸಿಗೆ ಹಾಸುವುದು ಅನೇಕ ವೇಳೆ ಬೇಸ್‌ಮೆಂಟಿನಲ್ಲೇ. ಅಲ್ಲಿ ಯಾರಾದರೂ ಮಲಗುವುದಾದರೆ ಹೊರಗೆ ಹತ್ತಿ ಹೋಗುವಷ್ಟು ದೊಡ್ಡ ಕಿಟಕಿ ಅಥವಾ ನೇರ ಬಾಗಿಲು ಇರಲೇಬೇಕು. ಪ್ರವಾಹದ ಎಚ್ಚರಿಕೆ ಫೋನಿಗೆ ಬಂದ ರಾತ್ರಿ ಹಿರಿಯರನ್ನು ಮೇಲಿನ ಮಹಡಿಗೆ ಕರೆತನ್ನಿ.