ಮೊಜಾಂಬಿಕ್: ಬಚ್ಚಿಟ್ಟ ಸಾಲ, ಬೀದಿಗೆ ಬಿದ್ದ ಜನ

ಮೀನು ಹಿಡಿಯೋ ದೋಣಿಗಳ ಹೆಸರಲ್ಲಿ ಒಂದು ದೇಶವನ್ನೇ ಮುಳುಗಿಸಿದರು!

ಆಫ್ರಿಕಾದ ಮೊಜಾಂಬಿಕ್. 2013-14ರಲ್ಲಿ ಮೂರು ಸರ್ಕಾರಿ ಕಂಪನಿಗಳು ವಿದೇಶಿ ಬ್ಯಾಂಕುಗಳಿಂದ ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದವು. ಸಂಸತ್ತಿನ ಒಪ್ಪಿಗೆಯೇ ಇಲ್ಲದೆ ಜಾಮೀನಿಗೆ ಸಹಿ ಹಾಕಿದ್ದು ಆಗಿನ ಹಣಕಾಸು ಸಚಿವ ಮ್ಯಾನುಯೆಲ್ ಚಾಂಗ್.

ಆ ಸಾಲದಲ್ಲಿ ಟ್ಯೂನಾ ಮೀನು ಹಿಡಿಯೋ ದೋಣಿಗಳೇನೋ ಬಂದವು. ರಾಜಧಾನಿ ಮಪುಟೊದ ಬಂದರಿನಲ್ಲೇ ತುಕ್ಕು ಹಿಡಿದವು. ಸಾಲದ ದುಡ್ಡಲ್ಲಿ ಕೋಟಿಗಟ್ಟಲೆ ಡಾಲರ್ ಲಂಚವಾಗಿ ಅಧಿಕಾರಸ್ಥರಿಗೂ ಸಾಲ ಕೊಟ್ಟ ಕ್ರೆಡಿಟ್ ಸ್ವಿಸ್ ಬ್ಯಾಂಕಿನ ಕೆಲವರಿಗೂ ಸೇರಿತು.

2016ರಲ್ಲಿ ಗುಟ್ಟು ರಟ್ಟಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ನೆರವು ನಿಲ್ಲಿಸಿತು. ಅಲ್ಲಿನ ನಾಣ್ಯ ಮೆಟಿಕಲ್ ನೆಲಕಚ್ಚಿತು. ದಿನಬಳಕೆ ಸಾಮಾನಿನ ಬೆಲೆ ಬಡವರ ಕೈಗೆಟುಕದಂತಾಯಿತು.

ಇದೇ ಹಗರಣದಲ್ಲಿ 2025ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಚಾಂಗ್‌ಗೆ ಎಂಟೂವರೆ ವರ್ಷ ಜೈಲು ವಿಧಿಸಿತು. ಸಾಲದ ಹೊರೆ ಮಾತ್ರ ಜನರ ತಲೆಮೇಲೇ ಬಿತ್ತು.

ಸರ್ಕಾರದ ಸಾಲ ಅಂದರೆ ನಮ್ಮೆಲ್ಲರ ಸಾಲ. ಸಹಿ ಬೀಳುವ ಮೊದಲೇ ಸದನ ಲೆಕ್ಕ ಕೇಳಬೇಕು.