ಇಟ್ಟಿಗೆ ಗೋಡೆಯ ಮೇಲಿನ ಸಿಮೆಂಟ್ ಕಲೆ: ನಿವಾರಣೆಯ ಸರಿಯಾದ ಕ್ರಮ

ಗಿಲಾವು ಮಾಡದೆ ಇಟ್ಟಿಗೆ ಹಾಗೆಯೇ ಕಾಣುವಂತೆ ಬಿಟ್ಟ ಗೋಡೆಯಲ್ಲಿ ಗೌಂಡಿಯ ಕೆಲಸದ ದೋಷಗಳನ್ನು ಮರೆಮಾಚುವುದು ಸಾಧ್ಯವಿಲ್ಲ. ಅಂತಹ ಗೋಡೆಯ ಮೇಲೆ ಉಳಿದ ಸಿಮೆಂಟ್ ಕಲೆಗಳು ಮಾಲೀಕರು ಹಾಗೂ ಗುತ್ತಿಗೆದಾರರ ನಡುವೆ ತಕರಾರಿಗೂ ಕೊನೆಯ ಬಿಲ್ಲಿನ ವಿಳಂಬಕ್ಕೂ ಕಾರಣವಾಗುವುದುಂಟು. ಆದರೆ ಅವಸರದಿಂದ ಆ್ಯಸಿಡ್ ಸುರಿದರೆ ಕಲೆಯೊಡನೆ ಇಟ್ಟಿಗೆಯೂ ಕೆಡುತ್ತದೆ.

ಕಲೆಯ ಗುರುತು: ಗೋಡೆಯ ಮೇಲಿನ ಬಿಳುಪೆಲ್ಲವೂ ಸಿಮೆಂಟ್ ಅಲ್ಲ. ನೀರು ತಾಗಿದೊಡನೆ ಮಾಯವಾಗಿ, ಒಣಗಿದ ಮೇಲೆ ಮರಳಿ ಕಾಣಿಸಿಕೊಳ್ಳುವ ಪುಡಿಯು ಲವಣ. ಅದನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಒದ್ದೆಯಾದರೂ ಕದಲದೆ, ಕೈಗೆ ಒರಟಾಗಿ ತಾಗುವುದೇ ಸಿಮೆಂಟ್ ಕಲೆ.

ಮೊದಲ ದಿನದ ಎಚ್ಚರಿಕೆ: ಸಂದುಗಳಿಂದ ಹೊರಬಂದ ಗಾರೆಯನ್ನು ಅಂದೇ ಕರಣೆಯಿಂದ ತೆಗೆದು, ತುಸು ಬಿಗಿಯಾದ ಮೇಲೆ ನಾರಿನ ಬ್ರಷ್‌ನಿಂದ ಉಜ್ಜಬೇಕು. ಹಸಿ ಗಾರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಿಮೆಂಟ್ ನೀರು ಇಟ್ಟಿಗೆಯ ರಂಧ್ರಗಳಿಗೆ ಇಳಿಯುತ್ತದೆ. ಐ.ಎಸ್. 1077 ಮಾನಕದ ಪ್ರಕಾರ 12.5ರವರೆಗಿನ ವರ್ಗದ ಇಟ್ಟಿಗೆಯು 24 ಗಂಟೆ ನೀರಿನಲ್ಲಿದ್ದಾಗ ತನ್ನ ತೂಕದ ಶೇ. 20ರವರೆಗೆ ನೀರು ಹೀರಬಹುದು. ಕಲೆ ಆಳಕ್ಕಿಳಿಯುವುದಕ್ಕೆ ಈ ಹೀರುವ ಗುಣವೇ ಕಾರಣ.

ಆಮ್ಲದ ಬಳಕೆ: ಗಟ್ಟಿಯಾದ ಗಾರೆಯನ್ನು ಮೊದಲು ಮರದ ತುಂಡಿನಿಂದ ಕೆರೆಯಬೇಕು. ಉಳಿದ ತೆಳು ಪದರಕ್ಕೆ ಮಾತ್ರ, 10 ಪಾಲು ನೀರಿಗೆ 1 ಪಾಲು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ ಬಳಸಬಹುದು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಬಾರದು. ಸಿಮೆಂಟಿನ ಸುಣ್ಣದ ಅಂಶವು ಆಮ್ಲದೊಡನೆ ಸೇರಿ, ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ.

ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸುವುದು ಕಡ್ಡಾಯ. ಒಣ ಇಟ್ಟಿಗೆ ಆಮ್ಲವನ್ನು ಒಳಗೆಳೆದುಕೊಳ್ಳುತ್ತದೆ. ಆಗ ಇಟ್ಟಿಗೆಯಲ್ಲಿನ ಕಬ್ಬಿಣದ ಅಂಶ ಕರಗಿ ಹಳದಿ-ಕಂದು ಕಲೆಗಳು ಏಳುತ್ತವೆ. ಒಂದು ಮೂಲೆಯಲ್ಲಿ ಪರೀಕ್ಷಿಸಿ, ಒಣಗಿದ ಬಣ್ಣವನ್ನು ನೋಡಿಯೇ ಮುಂದುವರಿಯಬೇಕು. ಬಿಸಿಲೇರುವ ಮುನ್ನ, ಒಮ್ಮೆಗೆ ಸುಮಾರು ಒಂದು ಚದರ ಮೀಟರ್‌ನಂತೆ ಹಚ್ಚಿ, ಆಮ್ಲ ಒಣಗುವ ಮೊದಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಾರ್ಮಿಕರಿಗೆ ರಬ್ಬರ್ ಕೈಗವಸು, ಕನ್ನಡಕ ಮತ್ತು ಗಾಳಿಯಾಡುವ ಸ್ಥಳ ಅವಶ್ಯ. ಕಬ್ಬಿಣದ ಹಾಗೂ ಅಲ್ಯೂಮಿನಿಯಂ ಕಿಟಕಿಗಳನ್ನು ಮೊದಲೇ ಮುಚ್ಚಬೇಕು.

ಹಳೆಯ ಕಟ್ಟಡಗಳು: ಹುಬ್ಬಳ್ಳಿ-ಧಾರವಾಡದ ಹಳೆಯ ಕಟ್ಟಡಗಳಲ್ಲಿ ಸುಣ್ಣದ ಗಾರೆಯ ಗೋಡೆಗಳಿವೆ. ದುರಸ್ತಿಯ ವೇಳೆ ಅವುಗಳ ಮೇಲೆ ಸಿಮೆಂಟ್ ಸಿಡಿದರೆ ಆಮ್ಲವನ್ನು ಸರ್ವಥಾ ಬಳಸಬಾರದು. ಸಿಮೆಂಟ್ ಕಲೆಯನ್ನು ಕರಗಿಸುವ ಆಮ್ಲವೇ ಸಂದಿನಲ್ಲಿನ ಸುಣ್ಣವನ್ನೂ ಕರಗಿಸುತ್ತದೆ. ಅಲ್ಲಿ ಮರದ ತುಂಡು, ನಾರಿನ ಬ್ರಷ್ ಹಾಗೂ ತಾಳ್ಮೆಯೇ ಸಾಧನ.

ಸುಟ್ಟ ಇಟ್ಟಿಗೆಯ ಹೊರಮೈ ಒಮ್ಮೆ ಕಿತ್ತುಹೋದರೆ ಮರಳಿ ಬಾರದು; ಮಳೆಗಾಲದಲ್ಲಿ ಅಂತಹ ಗೋಡೆ ಹೆಚ್ಚು ನೀರು ಹೀರುತ್ತದೆ. ಆದ್ದರಿಂದ ದಿನದ ಕೆಲಸವನ್ನು ಅಂದೇ ಶುಚಿಗೊಳಿಸುವ ಷರತ್ತನ್ನು ಗುತ್ತಿಗೆಯ ಕರಾರಿನಲ್ಲಿಯೇ ಸೇರಿಸುವುದು ಉಭಯತರಿಗೂ ಲಾಭದಾಯಕ.